ಎಡೆ ಎಂದರೆ ಎಡವಲ್ಲ

ಹೋದ ತಿಂಗಳು ನಮ್ಮ ಮನೆಯ ಮಹಡಿ ಮೇಲಿನ ನೀರಿನ ಟ್ಯಾಂಕು ಬಿರುಕು ಬಿಟ್ಟಿತು. ರಿಪೇರಿಗೆ ಬಂದಾತ ಹಳೇ ಪೇಂಟ್ ಡಬ್ಬದಲ್ಲಿ ರೆಸಿನ್ ಎಂಬ ಅಂಟು ಕಲಸಿ, ಫೈಬರ್ ಮ್ಯಾಟಿನ ತುಂಡೊಂದನ್ನು ಬಿರುಕಿನ ಮೇಲಿಟ್ಟು ಬ್ರಶ್ಶಿನಿಂದ ಬಳಿಯತೊಡಗಿದ. ಆ ವಾಸನೆ ಮೆಟ್ಟಿಲಿಳಿದು ಅಡುಗೆಮನೆಗೂ ಬಂತು. ಮನೆಯವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮೇಲೆ ಹೋಗಿ ಆತನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಸಂಪಿಗೆ ಹೂ ಮೂಸುವವನ ಹಾಗೆ ಉಸಿರೆಳೆದುಕೊಂಡೆ. "ತಲೆ ಸುತ್ತತ್ತೆ ಸಾರ್, ಆ ಕಡೆ ಕೂತ್ಕೊಳಿ" ಎಂದ. ತಲೆ ಆಗಲೇ ಸುತ್ತಿ, ನಲವತ್ತು ವರ್ಷ ಹಿಂದಿನ ಆರ್.ಟಿ. ನಗರದಲ್ಲಿ ಹೋಗಿ ನಿಂತಿತ್ತು... ನಮ್ಮ ಓನರ್ರ ಹಿತ್ತಿಲಲ್ಲಿ.

ಬೆಂಗಳೂರಿನ ಬಾಡಿಗೆದಾರನಿಗೆ ಮನೆ ಮಾಲೀಕರ ಹೆಸರು ಬೇಕಾಗುವುದಿಲ್ಲ. 'ಓನರ್ರು' ಎಂದರೆ ಸಾಕು. ಅದು ಹೆಸರೂ ಹೌದು, ಪದವಿಯೂ ಹೌದು, ಸಣ್ಣದೊಂದು ಎಚ್ಚರಿಕೆಯೂ ಹೌದು. ಅವರ ಹೆಂಡತಿ 'ಓನರಮ್ಮ'. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಡ್ರಾಫ್ಟ್ಸ್‌ಮನ್ ಆಗಿ ಸೇರಿ, ಮದುವೆಯಾಗದ ಗಂಡಸಿಗೆ ಮನೆ ಕೊಡುವ ಧೈರ್ಯವಂತರನ್ನು ಹುಡುಕುತ್ತ ಬೀದಿ ಬೀದಿ ಸುತ್ತುತ್ತಿದ್ದೆ. ಬೇರೆ ಮನೆಗಳಲ್ಲಿ ಜಾತಿ ಕೇಳಿದರು, ಮಾಂಸ ತಿನ್ನುತ್ತೀರಾ ಎಂದರು, ಊರಿನಿಂದ ಯಾರ್ಯಾರು ಬಂದು ಉಳಿಯುತ್ತಾರೆ ಎಂದು ವಿಚಾರಿಸಿದರು. ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಜು ಬರತ್ತಾ?" ಎಂದರು.

ಮನೆ ಅಷ್ಟೊಂದು ಸೋರುತ್ತದೆಯೇ ಎಂದು ನನಗೆ ಗಾಬರಿಯಾಯಿತು. "ಬಾವೀಲಿ ಕಲ್ತಿದ್ದೀನಿ ಸಾರ್" ಎಂದೆ.

"ಬಾವಿ ನೀರು ಎಲ್ಲಿಗೂ ಓಗಲ್ಲ. ಇರ್ಲಿ, ಕಲೀಬೌದು" ಎಂದು ಬೀಗದ ಕೈ ಕೊಟ್ಟರು.

ಅವರು ಯಲಹಂಕದಿಂದಾಚೆಯ ಹಳ್ಳಿಯವರು. ಬಹಳ ವರ್ಷ ಮಿಲಿಟರಿಯಲ್ಲಿದ್ದು ದೇಶದ ಉದ್ದಗಲ ತಿರುಗಿದ್ದರೂ, ಅವರ ಬಾಯಿಗೆ 'ಹ' ಅಕ್ಷರ ಪ್ರವೇಶ ಪಡೆದಿರಲಿಲ್ಲ. ನದಿಗಳಿಗೆ ಸೇತುವೆ ಕಟ್ಟುವ, ದೋಣಿ ದಾಟಿಸುವ ಕೆಲಸ. ಹಿಮಾಲಯದಲ್ಲಿದ್ದಾಗ ಯಾವುದೋ ಪರದೇಶದ ತಂಡಕ್ಕೆ ಜೊತೆಗಾರನಾಗಿ ಇವರನ್ನು ಕಳಿಸಿದ್ದರಂತೆ. ಒಬ್ಬನೇ ಕೂತು, ಎರಡು ತುದಿಗೂ ಅಲಗಿರುವ ಹುಟ್ಟು ಹಾಕುತ್ತ, ನೊರೆ ಎದ್ದ ನೀರಿನಲ್ಲಿ ಇಳಿದುಹೋಗುವ ಸಣ್ಣ ದೋಣಿಯನ್ನು ಅವರು ಮೊದಲು ಕಂಡದ್ದು ಅಲ್ಲಿ. ಆಮೇಲೆ ಅವರು ಮನುಷ್ಯರ ಕೆಲಸಕ್ಕೆ ಬರಲಿಲ್ಲ ಎಂದು ಓನರಮ್ಮ ಹೇಳುತ್ತಿದ್ದರು.

ನಾನು ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಕೆಳಗಿನಿಂದ ಕೂಗು ಬಂತು: "ಏನಯ್ಯಾ, ಕಯಾಕಿಗೆ ಬರ್ತೀಯಾ?" ನನಗೆ ಕೇಳಿಸಿದ್ದು 'ಕಾಯಕಕ್ಕೆ' ಎಂದು. ರಜಾದಿನವೂ ಕಾಯಕ ಬಿಡದ ಮಹಾನುಭಾವರೆಂದು ಗೌರವ ಉಕ್ಕಿ, ಬಹುಶಃ ಸಂಪು ತೊಳೆಯುವುದಿರಬೇಕೆಂದು ಹಳೇ ಲುಂಗಿಯುಟ್ಟು ಇಳಿದೆ. ಹಿತ್ತಿಲಲ್ಲಿ ಒಂದು ದೊಡ್ಡ ಹಳದಿ ಬಾಳೇಹೂವಿನಂಥ ವಸ್ತು ಎರಡು ಕಲ್ಲುಗಳ ಮೇಲೆ ಮಲಗಿತ್ತು. ಅದೇ ಕಯಾಕು, ಅವರು ಹಿಮಾಲಯದಲ್ಲಿ ಕಂಡಿದ್ದಂಥ ದೋಣಿ. ಕಾಯಕ ಏನೆಂದರೆ ಅದರ ಒಂದು ತುದಿ ಹಿಡಿದು ಟೆಂಪೋಗೆ ಏರಿಸುವುದು.

ಟೆಂಪೋ ಭಾಯಿಯದು. ಭಾಯಿಗೆ ನಮ್ಮ ಬೀದಿಯ ಕೊನೆಯಲ್ಲಿ ಫೈಬರ್ ಶೆಡ್ಡು ಇತ್ತು. ನೀರಿನ ತೊಟ್ಟಿ, ಸ್ಕೂಟರಿನ ಮಡ್‌ಗಾರ್ಡು ಮಾಡುತ್ತಿದ್ದರು. ದೋಣಿಯ ಚಿತ್ರ ಹಿಡಿದು ಓನರ್ರು ಮೊದಲ ಸಲ ಅವರ ಮುಂದೆ ನಿಂತಾಗ ಭಾಯಿ ಹೇಳಿದ್ದಂತೆ: "ಸಾಬ್, ತೊಟ್ಟಿ ಅಂದ್ರೆ ನೀರು ಒಳಗೆ ಇರ್ಬೇಕು. ನಿಮ್ದು ಉಲ್ಟಾ. ನೀರು ಹೊರಗೆ ಇರ್ಬೇಕು. ಅಷ್ಟೇ ಅಲ್ವಾ?" ಆ ದೋಣಿಶಾಸ್ತ್ರದ ಮೇಲೆಯೇ ನಮ್ಮ ನೌಕಾಬಲ ನಿಂತಿತ್ತು. ಹೆಬ್ಬಾಳ ಕೆರೆಯಲ್ಲಿ ಮಗುಚಿಕೊಳ್ಳುವುದನ್ನೂ, ತಲೆಕೆಳಗಾಗಿದ್ದಾಗ ಗಾಬರಿ ಬೀಳದೆ ಸೊಂಟ ತಿರುಗಿಸಿ ಎದ್ದು ಕೂರುವುದನ್ನೂ ಕಲಿತೆ. ದಡದಲ್ಲಿ ಎಮ್ಮೆ ತೊಳೆಯುವವರು ನನ್ನನ್ನು ನೋಡಿ ನಕ್ಕರು. ಎಮ್ಮೆಗಳು ನಗಲಿಲ್ಲ, ಅಷ್ಟು ಮರ್ಯಾದೆ ಉಳಿಯಿತು.

ಭಾನುವಾರ ಸಂಜೆ ಜಗಲಿಯಲ್ಲಿ ಸಭೆ. ಸದಸ್ಯರು ಓನರ್ರು, ಭಾಯಿ, ನಾನು. ಕಾಫಿ ಕೊಡುವ ನೆಪದಲ್ಲಿ ಬಂದು ಕೊನೆಯವರೆಗೂ ಬಾಗಿಲಿಗೊರಗಿ ನಿಲ್ಲುತ್ತಿದ್ದ ಓನರಮ್ಮ ಅಧ್ಯಕ್ಷರು. ಚರ್ಚೆಯ ವಿಷಯ ಪ್ರತಿವಾರವೂ ಒಂದೇ: ಕಯಾಕು ಇಳಿಸಲು ಈ ದೇಶದಲ್ಲಿ ಅತ್ಯಂತ ಕಠಿಣವಾದ ನದಿ ಯಾವುದು? ಹೆಸರಿಗೊಂದು ನದಿಯೂ ಇಲ್ಲದ ಊರಿನಲ್ಲಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಮೀಯಬಾರದೆಂದು ಬಾಡಿಗೆದಾರನಿಗೆ ಕಟ್ಟಪ್ಪಣೆ ಮಾಡಿದ್ದ ಮನೆಯಲ್ಲಿ, ಈ ಪ್ರಶ್ನೆ ವರ್ಷಗಟ್ಟಲೆ ನಡೆಯಿತು.

ಓನರ್ರ ಅಳತೆಗೋಲು ವಿಚಿತ್ರವಾಗಿತ್ತು. ಅಲೆ ಎಷ್ಟೆತ್ತರ, ನೀರು ಎಷ್ಟು ರಭಸ ಎಂಬುದನ್ನೆಲ್ಲ ಅವರು ಲೆಕ್ಕಕ್ಕಿಡುತ್ತಿರಲಿಲ್ಲ. "ಅಬ್ಬರ ನೋಡಿ ನದೀನ ಅಳೀಬ್ಯಾಡ. ನಿಲ್ಲಕ್ಕೆ ಜಾಗ ಐತಾ ನೋಡು" ಎನ್ನುವರು. ದೊಡ್ಡ ಬಂಡೆಗೆ ನೀರು ಬಡಿದು ಮುಂದೆ ನುಗ್ಗುತ್ತದಲ್ಲ, ಆ ಬಂಡೆಯ ಬೆನ್ನಹಿಂದೆ ನೀರು ಮೆಲ್ಲಗೆ ವಾಪಸು ತಿರುಗುತ್ತದೆ. ದೋಣಿಯ ಮೂತಿಯನ್ನು ಅಲ್ಲಿಗೆ ತೂರಿಸಿದರೆ ಸುತ್ತ ನದಿ ಕುದಿಯುತ್ತಿದ್ದರೂ ನಾವು ನಿಂತಿರುತ್ತೇವೆ; ಉಸಿರು ಬಿಟ್ಟು, ಮುಂದಿನದನ್ನು ನೋಡಿಕೊಂಡು ಹೊರಡಬಹುದು. ಅವರು ಅದಕ್ಕೊಂದು ಹೆಸರಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಕಾಫಿ ಲೋಟವನ್ನು ಬಂಡೆ ಮಾಡಿ, ಅದರ ಹಿಂದೆ ಬೆರಳಿಟ್ಟು, "ಈ ಜಾಗ" ಎನ್ನುತ್ತಿದ್ದರು ಅಷ್ಟೆ. ನದಿ ಕಠಿಣವೋ ಅಲ್ಲವೋ ಎನ್ನುವುದು 'ಈ ಜಾಗ' ಎಷ್ಟು ದೂರಕ್ಕೊಂದು ಸಿಗುತ್ತದೆ ಎಂಬುದರ ಮೇಲೆ.

ಆ ಲೆಕ್ಕದಲ್ಲಿ ತೀಸ್ತಾ ನದಿ ಬಾಯಿ ಜೋರಿನ ಹೆಂಗಸು, ಒಳಗೆ ಕರುಣೆಯುಳ್ಳವಳು. ಬೈದು ಬೈದು ಪ್ರತಿ ತಿರುವಿನಲ್ಲೂ ದಡಕ್ಕೆ ತಂದು ಕೂರಿಸುತ್ತಾಳೆ. ಅಲಕನಂದೆ ಒಂದೊಂದೇ ಪೆಟ್ಟು ಕೊಡುವವಳು, ಆದರೆ ದೊಡ್ಡ ಪೆಟ್ಟು. ಬಿದ್ದವನು ಎದ್ದು ಮೈ ಒರೆಸಿಕೊಳ್ಳುವಷ್ಟು ಸಮಯ ಕೊಟ್ಟು ಆಮೇಲೆ ಇನ್ನೊಂದು. ಬಿಯಾಸ್ ನದಿಯಲ್ಲಿ ಬಂಡೆಗಳು ಒತ್ತೊತ್ತಾಗಿ ಕೂತಿವೆ. "ಯಶವಂತಪುರದ ಮಾರ್ಕೆಟ್ಟಲ್ಲಿ ಸೈಕಲ್ ಒಡ್ದಂಗೆ. ಬ್ರೇಕೂ ಇಲ್ಲ, ಬೆಲ್ಲೂ ಇಲ್ಲ" ಎನ್ನುವರು. ಸಟ್ಲೆಜ್ ಅದಕ್ಕಿಂತ ಮೇಲೆ: ಸಿಮೆಂಟು ಕಲಸಿದಂಥ ನೀರು, ಒಳಗೆ ಕಲ್ಲಿದೆಯೋ ಇಲ್ಲವೋ ತಾಗಿದ ಮೇಲೆಯೇ ಗೊತ್ತಾಗುವುದು. ಝನ್‌ಸ್ಕಾರ್‌ದು ಬೇರೆಯೇ ತಕರಾರು. ನೀರು ಮಂಜುಗಡ್ಡೆಯ ತಮ್ಮ, ಎರಡೂ ಕಡೆ ಗೋಡೆಯಂಥ ಬೆಟ್ಟ. ನಿಲ್ಲಲು ಜಾಗ ಸಿಕ್ಕರೂ ಹತ್ತಿ ಹೋಗಲು ದಾರಿಯಿಲ್ಲ. ಇವೆರಡರಲ್ಲಿ ಯಾವುದು ಎರಡನೆಯದು, ಯಾವುದು ಮೂರನೆಯದು ಎಂದು ಒಂದಿಡೀ ಮಳೆಗಾಲ ಕಳೆಯಿತು. ಬ್ರಹ್ಮಪುತ್ರ ಬೆಟ್ಟದಿಂದ ಇಳಿದು ಬರುವ ಜಾಗವನ್ನು ಅವರು ದಡದಿಂದ ಮಾತ್ರ ಕಂಡಿದ್ದರು. "ಬರೀ ನೋಡಿದ್ದಕ್ಕೆ ನಂಬರ್ ಕೊಡಬಾರ್ದು" ಎಂದು ಅದನ್ನು ಪಟ್ಟಿಗೇ ಸೇರಿಸಿರಲಿಲ್ಲ.

ನಮ್ಮ ಕಾವೇರಿಯ ಪ್ರಸ್ತಾಪ ಬಂದರೆ ಕೈ ಬೀಸಿಬಿಡುವರು. "ಮೇಕೆದಾಟು ಒಂದ್ ಬಿಡು, ಅದು ಮನುಷ್ಯರು ಇಳಿಯೋದಲ್ಲ. ಮಿಕ್ಕಿದ್ದು ಮಕ್ಕಳಾಟ."

ವಿಚಿತ್ರವೆಂದರೆ ಎಣಿಕೆ ಎರಡರಿಂದ ಶುರುವಾಗುತ್ತಿತ್ತು.

"ಮತ್ತೆ ಒಂದನೇದು ಸಾರ್?"

"ಅದು ಖಾಲಿ ಐತೆ."

"ಸಬ್ ಸೇ ಮುಷ್ಕಿಲ್ ನಮ್ಮ ಬೀದಿ ನಲ್ಲಿ ಸಾಬ್" ಎಂದು ಭಾಯಿ ತೀರ್ಪು ಕೊಡುತ್ತಿದ್ದರು. "ಎಷ್ಟು ಹೊತ್ತು ಕಾದ್ರೂ ಬರಲ್ಲ. ಅದನ್ನೇ ಒಂದನೇದು ಮಾಡಿ."

"ಇವ್ರು ನಂಗೇ ಹೇಳಿಲ್ಲ, ನಿಮಗೆ ಹೇಳ್ತಾರಾ" ಎಂದು ಓನರಮ್ಮ ಲೋಟಗಳನ್ನು ಎತ್ತಿಕೊಂಡು ಸಭೆ ಮುಗಿಸುವರು.

ಹೀಗೆ ಇರುವಾಗ ಎಂಬತ್ತರ ದಶಕದ ಆರಂಭದಲ್ಲೊಂದು ಸುದ್ದಿ ಬಂತು. ಮಳೆಗಾಲ ಕಳೆದ ಮೇಲೆ ಅಲಕನಂದೆಯಲ್ಲಿ ಇಳಿಯಲು ಬೇರೆ ಬೇರೆ ಊರಿನ ಹುಡುಗರ ತಂಡವೊಂದು ಸಿದ್ಧವಾಗುತ್ತಿದೆ, ಓನರ್ರು ದಡದ ಉಸ್ತುವಾರಿಗೆ ಬರಬೇಕು, ಜೊತೆಗೆ ಬೆಂಗಳೂರಿನಿಂದ ಒಬ್ಬನನ್ನು ಕರೆತರಬಹುದು ಎಂದು ಹಳೇ ಮಿಲಿಟರಿ ಗೆಳೆಯರೊಬ್ಬರು ಕೇಳಿದ್ದರು. ಆ ಒಬ್ಬ ನಾನಾಗಬೇಕೆಂದು ನನಗೆ ಹಗಲೂ ರಾತ್ರಿಯೂ ಅದೇ ಧ್ಯಾನ. ಕಾರ್ಖಾನೆಯಲ್ಲಿ ಗೇರುಗಳ ನಕ್ಷೆ ಬರೆಯುತ್ತ ಬರೆಯುತ್ತ ಅಂಚಿನಲ್ಲಿ ಬಂಡೆಗಳನ್ನು ಬರೆದು ಬೈಸಿಕೊಂಡೆ. ಓನರ್ರು ಮಾತ್ರ, "ಕೆರೇಲಿ ಏನ್ ಕಂಡ್ರೂ ಲೆಕ್ಕಕ್ಕಿಲ್ಲ. ಕಾವೇರೀಲಿ ನೋಡಾನ" ಎಂದರು.

ಸಂಗಮಕ್ಕಿಂತ ಮೇಲೆ ಒಂದು ಕಡೆ ಕಾವೇರಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಇಳಿಯುತ್ತದೆ. ಭಾಯಿಯ ಟೆಂಪೋದಲ್ಲಿ ಅಲ್ಲಿಗೆ ಹೋದೆವು. ಪರೀಕ್ಷೆ ಸರಳ: ಮೇಲಿನಿಂದ ಇಳಿದು, ನಡುವಿನ ದೊಡ್ಡ ಬಂಡೆಯ ಹಿಂದೆ, 'ಈ ಜಾಗ'ದಲ್ಲಿ, ದೋಣಿ ನಿಲ್ಲಿಸಬೇಕು. ಬಂಡೆ ಯಾವುದು ಎಂಬುದು ಕೆಳಗಿಳಿಯುವವನಿಗೆ ಕಾಣುವುದಿಲ್ಲ, ದಡದಲ್ಲಿದ್ದವರಿಗೆ ಕಾಣುತ್ತದೆ. ಅದಕ್ಕೆ ಅವರು ದಡದಿಂದ ಕೂಗಿ ಹೇಳುವುದು, ನಾನು ಕೇಳಿ ತಿರುಗುವುದು. ಭಾಯಿ ಹಗ್ಗ ಹಿಡಿದು ಸ್ವಲ್ಪ ಕೆಳಗೆ ನಿಂತರು.

ಇಳಿದೆ. ನೀರಿನ ಸದ್ದಿನಲ್ಲಿ ನನ್ನ ಉಸಿರೂ ನನಗೆ ಕೇಳಿಸುತ್ತಿರಲಿಲ್ಲ. ಆಗ ದಡದಿಂದ ಓನರ್ರ ಧ್ವನಿ: "ಎಡೀ! ಎಡೀ!"

ಎಡ ಎಂದರಲ್ಲ ಎಂದು ಎಡಕ್ಕೆ ಹೊಡೆದೆ. ಎಡಕ್ಕೆ ಯಾವ ಜಾಗವೂ ಇರಲಿಲ್ಲ, ಅಡ್ಡ ಬಿದ್ದಿದ್ದ ಒಂದು ಬಂಡೆಯಿತ್ತು. ದೋಣಿ ಅದನ್ನು ಅಪ್ಪಿಕೊಂಡಿತು, ನೀರು ಬೆನ್ನ ಮೇಲೆ ಏರಿತು, ನಾನು ತಲೆಕೆಳಗಾಗಿ ಅದರೊಳಗೇ ಸಿಕ್ಕಿಕೊಂಡೆ. ಹೆಬ್ಬಾಳದಲ್ಲಿ ಕಲಿತದ್ದು ಯಾವುದೂ ನೆನಪಿಗೆ ಬರಲಿಲ್ಲ. ಎಮ್ಮೆಗಳು ಮಾತ್ರ ನೆನಪಿಗೆ ಬಂದವು... ಆಮೇಲೆ ಯಾರೋ ನನ್ನ ಕೊರಳ ಹತ್ತಿರ ಲೈಫ್ ಜಾಕೆಟ್ಟು ಹಿಡಿದು ಜಗ್ಗಿದರು. ಅರವತ್ತರ ಹತ್ತಿರದ ಓನರ್ರು, ಕಾಲಲ್ಲಿ ಬೂಟು, ಕೈಯಲ್ಲಿ ವಾಚು, ತಲೆಗೆ ಸುತ್ತಿದ ಟವಲ್ಲು ಸಮೇತ ನೀರಿಗೆ ಬಿದ್ದಿದ್ದರು. ಭಾಯಿ ಎಸೆದ ಹಗ್ಗಕ್ಕೆ ಇಬ್ಬರೂ ಜೋತುಬಿದ್ದು ದಡಕ್ಕೆ ಬಂದೆವು. ದೋಣಿ ಸೀಳಿಹೋಗಿತ್ತು.

ಓನರ್ರು ತಲೆಯ ಟವಲ್ಲು ಬಿಚ್ಚಿ ಹಿಂಡಿದರು. ಆಮೇಲೆ ಕೇಳಿದರು.

"ನಾನ್ ಏನಂದೆ?"

"ಎಡ ಅಂದ್ರಿ ಸಾರ್."

"ಎಡ ಅಂದ್ನಾ? ಎಡ್ಡಿ ಅಂದೆ ಕಣಯ್ಯಾ. ಬಂಡೆ ಇಂದ್ಗಡೆ ಜಾಗಕ್ಕೆ ಆ ಪರದೇಶದವರು ಅಂಗೇ ಅಂತಿದ್ರು. ಬಲಕ್ಕಿತ್ತು ಅದು."

"ನಂಗೂ ಎಡಾ ಅಂತಾನೇ ಕೇಳಿಸ್ತು ಸಾಬ್" ಎಂದರು ಭಾಯಿ, ಹಗ್ಗ ಸುತ್ತುತ್ತ.

ಓನರ್ರ ಮುಖ ಬಿಳುಚಿಕೊಂಡಿತ್ತು. ಜಗಲಿಯ ಮೇಲೆ ನಿಧಾನವಾಗಿ ಮಾತಾಡುವಾಗ ಬೇಕಾಗದಿದ್ದ ಆ ಪದ, ಗಾಬರಿಯಲ್ಲಿ ಅವರು ಕಲಿತ ಭಾಷೆಯಲ್ಲೇ ಬಾಯಿಗೆ ಬಂದಿತ್ತು. ನನ್ನ ಕಿವಿ ಅದನ್ನು ತನಗೆ ಗೊತ್ತಿದ್ದ ಭಾಷೆಗೆ ತಿರುಗಿಸಿಕೊಂಡಿತ್ತು. ಟೆಂಪೋ ಕನಕಪುರ ದಾಟುವಾಗ, "ತಪ್ಪು ನಿನ್ ಕಿವೀದಲ್ಲ. ನನ್ ಬಾಯೀದು" ಎಂದರು. ಊರು ಸೇರಿದ ಮೇಲೆ ದೋಣಿಯನ್ನು ಹಿತ್ತಿಲಲ್ಲಿಳಿಸಿ ನೇರ ಒಳಗೆ ಹೋದರು. ಅಲಕನಂದೆ ನನ್ನ ಪಾಲಿಗೆ ಬತ್ತಿತು ಎಂದುಕೊಂಡೆ.

ಮುಂದಿನ ಭಾನುವಾರಗಳಲ್ಲಿ ಸಭೆ ಸೇರಲಿಲ್ಲ. ಭಾಯಿ ಮಾತ್ರ ಹಿತ್ತಿಲಿಗೆ ಬಂದು, ಸೀಳಿದ ದೋಣಿಗೆ ಮ್ಯಾಟು ಹಚ್ಚಿ ರೆಸಿನ್ ಬಳಿದು ಹೋದರು. ಆ ವಾಸನೆ ಮೇಲಿನ ನನ್ನ ಕೋಣೆಯನ್ನೆಲ್ಲ ತುಂಬಿತ್ತು. ದೋಣಿ ರಿಪೇರಿ ಮಾಡಿಸುತ್ತಿದ್ದಾರೆ ಎಂದರೆ ಯಾರನ್ನೋ ಕರೆದೊಯ್ಯುತ್ತಾರೆ ಎಂದಾಯಿತು. ಯಾರನ್ನು ಎಂದು ಕೇಳುವ ಧೈರ್ಯವಿರಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಅಂದು ಓನರ್ರ ಮನೆಯಲ್ಲಿ ಹಿರಿಯರಿಗೆ ಎಡೆ. ನಡುಮನೆಯಲ್ಲಿ ಬಾಳೆಲೆಗಳ ಸಾಲು. ಅವರಪ್ಪನಿಗೆ ಇಷ್ಟವೆಂದು ವಡೆ, ಅವ್ವನಿಗೆಂದು ಕಡುಬು, ಸೋದರಮಾವನಿಗೆಂದು ಒಂದು ಕಟ್ಟು ಬೀಡಿ. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವುದು. ನನ್ನನ್ನೂ ಊಟಕ್ಕೆ ಕರೆದಿದ್ದರು. ಬಾಗಿಲು ತೆಗೆದ ಮೇಲೆ ಓನರ್ರು ಆ ಎಲೆಗಳ ಮುಂದೆ ನಿಂತು, "ಇದಕ್ಕೆ ಏನಂತಾರಯ್ಯಾ?" ಎಂದರು.

"ಎಡೆ ಸಾರ್."

"ಎಡೆ. ತೀರ್ಕಂಡೋರು ಬಂದು, ಒಂದ್ ಗಳಿಗೆ ಕೂತು, ಸುಧಾರಿಸ್ಕಂಡು ಮುಂದಕ್ಕೆ ಓಗೋ ಜಾಗ. ಬಂಡೆ ಇಂದ್ಗಡೆ ಇರೋದೂ ಅದೇ ಅಲ್ವಾ? ಇಷ್ಟು ವರ್ಷ ನಮ್ಮನೇಲೇ ಇತ್ತು ಮಾತು, ನಾನು ಪರದೇಶದ್ದು ಇಡ್ಕಂಡು ಓಡಾಡ್ದೆ. ಇನ್ಮೇಲೆ ಎಡ್ಡಿ ಇಲ್ಲ. ಎಡೆ."

ಬಡಿಸುತ್ತಿದ್ದ ಓನರಮ್ಮ ಸೌಟು ನಿಲ್ಲಿಸಿದರು. "ಅಲ್ಲಾ, ಎಡೆ ಅಂದ್ರೂ ಎಡ ಅಂತಾನೇ ಕೇಳಿಸತ್ತಲ್ರೀ. ಹುಡುಗನ್ನ ಇನ್ನೊಂದು ಸಲ ಬಂಡೆಗೆ ಹೊಡಿಸ್ತೀರಾ?"

ಓನರ್ರು ಯೋಚಿಸಿದರು. ಅಂತಿಂಥ ಯೋಚನೆಯಲ್ಲ, ವಡೆ ಆರುವಷ್ಟು. ಆಮೇಲೆ ಎದೆಯುಬ್ಬಿಸಿ ರಾಜಾಜ್ಞೆ ಹೊರಡಿಸಿದರು: ಇಂದಿನಿಂದ ಎಡ, ಬಲ ಎಂಬ ಎರಡು ಪದಗಳು ರದ್ದು. ಬಳ್ಳಾರಿ ರಸ್ತೆಗೆ ಬೆನ್ನು ಮಾಡಿ ಹೆಬ್ಬಾಳ ಕೆರೆಗೆ ಮುಖ ಮಾಡಿ ನಿಂತರೆ ಎಡಗೈ ಕಡೆ ಆರ್.ಟಿ. ನಗರ, ಬಲಗೈ ಕಡೆ ಯಲಹಂಕ. ದೇಶದ ಯಾವ ನದಿಯಲ್ಲಾದರೂ ಸರಿ, ಇನ್ನು ಎಡ ಎಂದರೆ ಆರ್.ಟಿ. ನಗರ, ಬಲ ಎಂದರೆ ಯಲಹಂಕ.

"ಉಣ್ಣು, ಉಣ್ಣು" ಎಂದು ನನ್ನ ಎಲೆಗೆ ವಡೆ ಹಾಕಿಸಿ, ತಾವೂ ಎರಡನೇ ಸಲ ಹಾಕಿಸಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. "ನಂಗೆ ಎಡೆ ಇಡೋರು ಯಾರೂ ಇಲ್ಲ ನೋಡು. ಅದಕ್ಕೆ ನಂದೂ ಈಗ್ಲೇ ಉಂಡ್ಬಿಡ್ತೀನಿ" ಎಂದು ನಕ್ಕರು. ಓನರಮ್ಮ ನಗಲಿಲ್ಲ. ಮಜ್ಜಿಗೆಗೆ ಬಂದಾಗ ನನ್ನ ಕಡೆ ನೋಡದೆಯೇ ಕೇಳಿದರು: "ಸ್ವೆಟರ್ ಐತಾ ನಿನ್ ತಾವ? ಅಲ್ಲಿ ಚಳಿ ಜಾಸ್ತಿ."

ನಾನು ಆಯ್ಕೆಯಾದದ್ದು ಹೀಗೆ.

ಅಲಕನಂದೆಯನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ. ಒಂದು ಗಳಿಗೆಯನ್ನು ಮಾತ್ರ ಹೇಳುತ್ತೇನೆ. ನದಿಯ ಪಕ್ಕದಲ್ಲೇ ಯಾತ್ರೆಯ ರಸ್ತೆ. ಓನರ್ರು ಆ ರಸ್ತೆಯಂಚಿನ ಕಲ್ಲಿನ ಮೇಲೆ ನಿಂತಿದ್ದರು. ನನ್ನ ಮುಂದೆ ನೀರು ಕಾಣುತ್ತಲೇ ಇರಲಿಲ್ಲ, ಅದರ ಅಂಚೊಂದು ಮಾತ್ರ ಕಾಣುತ್ತಿತ್ತು. ಅದರಾಚೆ ಬರೀ ಸದ್ದು. ಆಗ ಬೆಟ್ಟಕ್ಕೆ ಬಡಿದು ಬಂತು ಆ ಧ್ವನಿ: "ಯಲಂಕಾ! ಯಲಂಕಾ!"

ತೋಳಿನಲ್ಲಿದ್ದುದನ್ನೆಲ್ಲ ಹಾಕಿ ಯಲಹಂಕಕ್ಕೆ ಹೊಡೆದೆ. ದೋಣಿಯ ಮೂತಿ ಬಂಡೆಯ ಬೆನ್ನು ಸವರಿ ಒಳಗೆ ಹೊಕ್ಕಿತು, ಹೊಕ್ಕು ತಿರುಗಿತು, ನಿಂತಿತು. ನನ್ನ ಮೊಣಕೈ ದೂರದಲ್ಲಿ ಅಲಕನಂದೆ ಕೂಗಾಡುತ್ತ ಹೋಗುತ್ತಿದ್ದಳು. ನಾನು ಜಗಲಿಯಲ್ಲಿ ಕಾಫಿಗೆ ಕಾಯುವವನ ಹಾಗೆ ಕೂತಿದ್ದೆ. ಕಣ್ಣು ಒದ್ದೆಯಾಗಿತ್ತು. ಅಷ್ಟು ನೀರಿನ ಮಧ್ಯೆ ಅದನ್ನು ಯಾರು ಗಮನಿಸುತ್ತಾರೆ... ರಸ್ತೆಯಲ್ಲಿ ಯಾತ್ರಿಕರ ಬಸ್ಸೊಂದು ನಿಂತಿತ್ತು. ಓನರ್ರ ಕೂಗು ಕೇಳಿದ ಅಜ್ಜಿಯೊಬ್ಬರು ಅದು ದಕ್ಷಿಣದ ಯಾವುದೋ ದೇವಿಯ ಹೆಸರೆಂದು ತಿಳಿದು ನದಿಯತ್ತ ಕೈಮುಗಿದು, "ಯಲಂಕಾ ಮಾತಾ ಕೀ ಜೈ" ಎಂದರಂತೆ. ಬಸ್ಸಿನವರೆಲ್ಲ ಜೈ ಎಂದರಂತೆ. ಯಲಹಂಕಕ್ಕೆ ಅಂಥ ಗೌರವ ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಕಡಲೇಕಾಯಿ ಬಿಡಿಸುತ್ತ ಹಳೇ ಪ್ರಶ್ನೆಯನ್ನೇ ಕೇಳಿದೆ. "ಈಗಲಾದ್ರೂ ಹೇಳಿ ಸಾರ್. ಒಂದನೇದು ಯಾವುದು?"

"ಕಾವೇರಿ" ಎಂದರು.

"ಮಕ್ಕಳಾಟ ಅಂದಿದ್ರಿ?"

ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ಮಿಕ್ಕಿದ್ರಲ್ಲೆಲ್ಲ ನೀರಾಗ್ ನಾನಿದ್ದೆ. ಎಡೆ ಉಡುಕ್ಕಂಡೆ. ಅವತ್ತು ನೀನು ಒಳಗಿದ್ದೆ, ನಾನು ದಡದಾಗಿದ್ದೆ. ದಡದಾಗೆ ಎಡೆ ಇರಲ್ಲ ಕಣಯ್ಯಾ."

ಆಮೇಲೆ ಕಡಲೇಕಾಯಿ ಸಿಪ್ಪೆಯನ್ನು ಸೀಟಿನ ಕೆಳಗೆ ಹಾಕಬೇಡ ಎಂದು ನನ್ನನ್ನು ಗದರಿದರು.

ನಾನು ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೂ ಭಾನುವಾರದ ಸಭೆ ತಪ್ಪಿಸಲಿಲ್ಲ. ಎಂಬತ್ತರ ದಶಕ ಮುಗಿಯುವ ಮೊದಲೇ ಓನರ್ರು ಹೋದರು. ಅಷ್ಟೆಲ್ಲ ನದಿಗಳು ಬಿಟ್ಟುಕೊಟ್ಟ ಮನುಷ್ಯ, ಜಗಲಿಯ ಮೇಲೆ, ಕಾಫಿ ಲೋಟದ ಪಕ್ಕದಲ್ಲಿ. ಸುದ್ದಿ ಬಂದಾಗ ನಾನು ಕಾರ್ಖಾನೆಯಲ್ಲಿದ್ದೆ. ಓನರಮ್ಮ ಅಣ್ಣನ ಮನೆಗೆ ಹೋದರು, ಅವರೂ ಈಗಿಲ್ಲ. ಭಾಯಿಯ ಶೆಡ್ಡಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ, ಜಗಲಿಯಿದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಹೆಬ್ಬಾಳ ಕೆರೆಯನ್ನು ಫ್ಲೈಓವರ್ ಮೇಲಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತೇನೆ, ಎಮ್ಮೆಗಳಿಲ್ಲ.

ನನಗೂ ಬದುಕಿನಲ್ಲಿ ಎಲ್ಲರಿಗೆ ಬರುವಷ್ಟು ಬಂತು. ಕಾರ್ಖಾನೆ ಕುಂಟಿದ ವರ್ಷಗಳು, ಮಗಳ ಕಾಯಿಲೆಯ ಆಸ್ಪತ್ರೆಯ ದಿನಗಳು... ಅಬ್ಬರ ನೋಡದೆ, ನಿಲ್ಲಲು ಜಾಗ ಎಲ್ಲಿದೆ ಎಂದು ನೋಡುವ ಅಭ್ಯಾಸ ಅವರು ಕೊಟ್ಟದ್ದು. ಯಾವಾಗಲೂ ಸಿಕ್ಕಿತೆಂದು ಹೇಳಲಾರೆ. ಸಿಕ್ಕಾಗಲೆಲ್ಲ ಮನಸ್ಸಿನಲ್ಲಿ ಅವರಿಗೊಂದು ನಮಸ್ಕಾರ ಹಾಕಿದ್ದೇನೆ. ಮಗಳ ವಾರ್ಡಿನ ಬೆಂಚಿನ ಮೇಲೆ ಕೂತಿದ್ದಾಗ, ದಡದಲ್ಲಿ ನಿಂತವರ ಕಷ್ಟ ಏನೆಂಬುದೂ ಅರ್ಥವಾಯಿತು.

ಟ್ಯಾಂಕಿನ ಬಿರುಕು ಮುಚ್ಚಿದೆ. ರೆಸಿನ್ ವಾಸನೆ ಹೋಗಿಲ್ಲ, ಹೋಗಲೆಂಬ ಆತುರವೂ ನನಗಿಲ್ಲ. ಇನ್ನೇನು ಮಹಾಲಯ ಬಂತು. ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಹೆಚ್ಚಿಗೆ ಇರುತ್ತದೆ, ಅದರಲ್ಲಿ ವಡೆಯೂ ಹೆಚ್ಚಿಗೆ. ಮೊದಲ ವರ್ಷ ಮನೆಯವಳು, "ಇದು ಯಾರ ಹೆಸರಲ್ಲಿ?" ಎಂದು ಕೇಳಿದ್ದಳು. "ಓನರ್ರದು" ಎಂದೆ. ಹೆಸರು ಹೇಳಬೇಕಲ್ಲ ಎಂದಳು. ಅದೇ ಹೆಸರು ಎಂದೆ.

ಆ ಎಲೆಯನ್ನು ಸಾಲಿನ ಬಲತುದಿಗೆ ಹಾಕುತ್ತೇನೆ. ಬಾಗಿಲು ಮುಚ್ಚುವ ಮೊದಲು, ಯಾರಿಗೂ ಕೇಳಿಸದ ಹಾಗೆ, ಒಂದು ಮಾತು ಹೇಳುತ್ತೇನೆ: ಯಲಹಂಕದ ಕಡೆ ಸಾರ್.